ಬ್ಯಾರನ್ ಪದವಿ ಬೇಡವೆಂದ ನೋಯೆಲ್

ಹೋದ ಮಂಗಳವಾರ ನಾವು ಮಣ್ಣು ಮಾಡಿ ಬಂದ ನೋಯೆಲ್ ಫಾರ್ಡೆಲ್, ಇಂಗ್ಲೆಂಡಿನ ಶ್ರಾಪ್‌ಶೈರಿನ ಒಂದು ಸಣ್ಣ ರೈಲು ನಿಲ್ದಾಣದಲ್ಲಿ ಬದುಕಿಡೀ ಸಿಗ್ನಲ್ ಎಳೆದವನು. 1957ರಲ್ಲಿ ಅವನ ದೂರದ ದೊಡ್ಡಪ್ಪ, ತಲೆಮಾರಿನಿಂದ ಬಂದ ಲಾರ್ಡ್ ಪದವಿಯ ಏಳನೆಯ ಬ್ಯಾರನ್, ಮಕ್ಕಳಿಲ್ಲದೆ ಸತ್ತಾಗ ವಕೀಲ ಪೆಟಿಫರ್ ಇವನ ಅಡುಗೆಮನೆಗೇ ಬಂದು ಕೂತ. ಎದುರಿಗೆ ತಾಯಿ ಹೆಟ್ಟಿ ಬ್ರೆಡ್ ಕೊಯ್ಯುತ್ತಿದ್ದಳು.

"ಇನ್ನೂರೆಂಬತ್ತು ವರ್ಷದ ಪದವಿ ಸ್ವಾಮಿ. ಉಳಿದಿರೋ ಗಂಡು ನೀವೊಬ್ರೇ. ನಿಮ್ಮ ತಂದೆತಾಯಿ ಮದುವೆ ಪತ್ರ ಕೊಟ್ಬಿಡಿ, ಸಾಕು."

ಹೆಟ್ಟಿಯ ಕೈ ನಿಂತಿತು. ಅವಳ ಮದುವೆಯಾದದ್ದು ನೋಯೆಲ್ ಹುಟ್ಟಿ ಐದು ತಿಂಗಳಾದ ಮೇಲೆ. ಅಂಥ ಮಗನಿಗೆ ಕಾನೂನು ತಂದೆಯ ಆಸ್ತಿ ಕೊಟ್ಟೀತು, ಬ್ಯಾರನ್ ಪದವಿ ಕೊಡದು. ಆ ತಾರೀಕನ್ನು ಊರಿಗಿರಲಿ, ಮಗನಿಗೂ ಹೇಳದೆ ಅವಳು ಐವತ್ತು ವರ್ಷ ಕಾಪಾಡಿದ್ದಳು. ಪತ್ರ ಕಳೆದಿದೆ ಎಂದರೆ ಪೆಟಿಫರ್ ಚರ್ಚಿನ ದಾಖಲೆಯನ್ನೇ ತೆಗೆಸುತ್ತಿದ್ದ.

ನೋಯೆಲ್ ತಾಯಿಯತ್ತ ನೋಡಲಿಲ್ಲ. "ನಂಗೆ ಬೇಡ ಬಿಡಿ. ಲಾರ್ಡ್ ಸಾಹೇಬ್ರು ಸಿಗ್ನಲ್ ಎಳೆದ್ರೆ ರೈಲೇ ನಾಚ್ಕೊಂಡು ನಿಂತ್ಬಿಡುತ್ತೆ."

"ನೀವು ಅರ್ಜಿ ಹಾಕದಿದ್ರೆ ಪದವಿ ಇಲ್ಲಿಗೇ ಮುಗಿಯುತ್ತೆ."

"ಮುಗೀಲಿ. ಅರ್ಜಿ ಹಾಕಲ್ಲ. ಯಾವ ದಾಖಲೆನೂ ತೆಗೆಸ್ಬೇಡಿ."

ಪೆಟಿಫರ್ ಹೊರಟುಹೋದ. ಹೆಟ್ಟಿ ಬ್ರೆಡ್ಡಿನ ಚಾಕು ಕೆಳಗಿಟ್ಟಳು.

"ನಿಂಗೆ ಯಾವಾಗಿಂದ ಗೊತ್ತು, ಮಗಾ?"

"ಹದಿನಾರನೇ ವಯಸ್ಸಿಂದ. ಕೆಲಸಕ್ಕೆ ಸೇರುವಾಗ ಕಾಗದ ಹುಡುಕ್ತಿದ್ದೆನಲ್ಲಮ್ಮ, ಆಗ ಸಿಕ್ತು."

ಅವಳು ಅವನ ತೋಳು ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಅಂದು ನೋಯೆಲ್ ಪಾಳಿಗೆ ತಡವಾಗಿ ಹೋದ. ಅವನು ತಡವಾದದ್ದು ಅದೊಂದೇ ಸಲ.