ಮನೆಗೊಂದು ಕಾರ್ಡು

ಆ ಬೆಳಿಗ್ಗೆ ನಾನು ನೋಡಿದ್ದು ಅವನ ಎಡಗೈಯನ್ನೋ ಬಲಗೈಯನ್ನೋ ಎಂದು ಯಾರಾದರೂ ಕೇಳಿದರೆ ಖಚಿತವಾಗಿ ಹೇಳಲಾರೆ. ಎಡಗೈ ಎಂದೇ ಬಹಳ ಕಾಲ ನಂಬಿದ್ದೆ. ಬಿಪಿ ನೋಡುವ ಪಟ್ಟಿಯನ್ನು ನಾನು ಸುತ್ತುವುದು ಎಡಗೈಗೆ. ಹಾಗಾಗಿ ಎಡಗೈಯೇ ಇರಬೇಕು ಎಂದು ತರ್ಕ ಮಾಡಿ, ಆ ತರ್ಕವನ್ನೇ ನೆನಪು ಅಂದುಕೊಂಡಿರಲೂಬಹುದು.

ನಾನಾಗ ಕುಟುಂಬ ವೈದ್ಯನಾಗುವ ತರಬೇತಿಯಲ್ಲಿದ್ದೆ. ಕಲಿತದ್ದು ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ. ಅಲ್ಲಿ ರೋಗಿ ಎಂದರೆ ಒಂದು ಹಾಸಿಗೆ, ಒಂದು ನಂಬರು. ತರಬೇತಿಗೆ ಕಳಿಸಿದ್ದು ನಂಜನಗೂಡಿಗೆ, ರೈಲು ಹಳಿಯ ಆಚೆಗಿನ ಕಾಲೊನಿಯ ಸಣ್ಣ ದವಾಖಾನೆಗೆ. ಅಲ್ಲಿ ನಮಗೆ ಕಲಿಸುತ್ತಿದ್ದ ಹಿರಿಯ ವೈದ್ಯೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಅವರ ಪದ್ಧತಿಯಲ್ಲಿ ಆಳಿಗೊಂದು ಕಾರ್ಡು ಇರಲಿಲ್ಲ, ಮನೆಗೊಂದು ಕಾರ್ಡು. ಅಜ್ಜಿಯ ಸಕ್ಕರೆ, ಸೊಸೆಯ ಬಸಿರು, ಮಗುವಿನ ಲಸಿಕೆ ಎಲ್ಲ ಅದರಲ್ಲೇ. ಕೆಲಸಕ್ಕೆ ರಜೆ ಸಿಗದವರ ಮಾತ್ರೆಯನ್ನು ಮನೆಯ ಯಾರು ಬಂದರೂ ಒಯ್ಯಬಹುದು. ‘ನಮಗೆ ಮನೆಯೇ ರೋಗಿ’ ಎನ್ನುತ್ತಿದ್ದರು ಮೇಡಂ. ಗೋಡೆಗೆ ಬರೆಸುವ ಘೋಷಣೆಯ ಹಾಗೆ ಕೇಳಿಸುತ್ತಿದ್ದ ಆ ಮಾತಿನ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ.

ಒಂದು ದಿನ ಕಲ್ಯಾಣಮಂಟಪಗಳಲ್ಲಿ ಪಾತ್ರೆ ತೊಳೆಯುವ ಹೆಂಗಸೊಬ್ಬಳು ಗಂಡಸೊಬ್ಬನನ್ನು ಕರೆದುಕೊಂಡು ಬಂದಳು.

“ನಮ್ ಯಜಮಾನ್ರು ಸಾ. ತಾಂಡ್ಯದ ಫ್ಯಾಕ್ಟ್ರಿಲಿ ಕೆಲ್ಸ ಸಿಕ್ಕದೆ. ಫಿಟ್ ಅವ್ರೆ ಅಂತ ಒಂದ್ ಚೀಟಿ ಬರ್ಕೊಡಿ.”

ಅವಳ ಗಂಡ ನನಗೆ ಗೊತ್ತಿದ್ದವನೇ. ಹಿಂದೊಮ್ಮೆ ಮೂರ್ಛೆ ಬಂದು ಒಲೆಯ ಮೇಲೆ ಬಿದ್ದು, ಮುಂಗೈ ಮೇಲಿನ ಚರ್ಮ ಸುಟ್ಟುಕೊಂಡಿದ್ದ. ಗಾಯಕ್ಕೆ ಪಟ್ಟಿ ಕಟ್ಟಿದ್ದು ನಾನೇ. ಈಗ ಎದುರಿಗಿದ್ದವನದು ಅದೇ ಮೂಗು, ಅದೇ ಹಣೆ. ಆದರೆ ನಾನು ನೋಡಿದ ಕೈ ನುಣ್ಣಗಿತ್ತು. ಬಸ್ಸಿನಲ್ಲಿ ಬೇರೆಯವರು ಟವೆಲು ಹಾಕಿದ ಸೀಟಿನಲ್ಲಿ ಕೂತವನ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತಿದ್ದ.

“ಸುಟ್ಟ ಗಾಯ ಹೇಗಿದೆ?” ಎಂದೆ.

ಅವನು ಅವಳ ಮುಖ ನೋಡಿದ. “ವಾಸಿ ಆಯ್ತು ಸಾ” ಎಂದಳು ಅವಳು.

“ಕಲೆ?”

“ಅದೂ ಓಯ್ತು. ನಿಮ್ ಮುಲಾಮು ಅಂಗದೆ ಸಾ.”

ನನ್ನ ಮುಲಾಮನ್ನು ಅಲ್ಲಿಯವರೆಗೆ ಯಾರೂ ಹೊಗಳಿರಲಿಲ್ಲ. ಇವನು ಅವಳ ಗಂಡನಲ್ಲ ಎಂಬ ಸಂಶಯ ಗಟ್ಟಿಯಾಯಿತು. ಮೂರ್ಛೆಗೆ ದಿನಾ ನುಂಗುವ ಮಾತ್ರೆಯ ಬಣ್ಣ ಯಾವುದು ಎಂದು ಅವನನ್ನೇ ಕೇಳಿದೆ. “ಬಿಳೀದು ಸಾ” ಎಂದ. ನಮ್ಮ ದವಾಖಾನೆಯಲ್ಲಿ ಮುಕ್ಕಾಲುಪಾಲು ಮಾತ್ರೆ ಬಿಳಿಯವೇ. ನಾಳೆ ಬನ್ನಿ ಎಂದು ಕಳಿಸಿ, ಮೇಡಂ ಹತ್ತಿರ ಹೋಗಿ ಹೇಳಿದೆ.

“ಯಾವ ಕೈಲಿ ಗಾಯ ಆಗಿತ್ತು?” ಎಂದರು.

“ಎಡಗೈ.”

“ಖಂಡಿತಾನಾ?”

“ಇರಬೇಕು” ಎಂದೆ.

“ಸರಿ ಹೋಯ್ತು. ಕೋರ್ಟಿಗೆ ಹೋದ್ರೆ ವಕೀಲರು ನಿಮಗೆ ನೀರು ಕುಡಿಸ್ತಾರೆ. ಅದಕ್ಕಿಂತ ಅವರ ಮನೆಗೆ ಹೋಗಿ ಟೀ ಕುಡ್ಕೊಂಡು ಬನ್ನಿ.”

ಸಂಜೆ ಹೋದೆ. ಬಾಗಿಲಲ್ಲಿ ಒಬ್ಬ ಕೂತು ಅವರೆಕಾಯಿ ಸುಲಿಯುತ್ತಿದ್ದ. ಅದೇ ಮೂಗು, ಅದೇ ಹಣೆ, ಮುಂಗೈ ಮೇಲೆ ಅಂಗೈಯಷ್ಟಗಲದ ಕಲೆ. ಕಲೆ ಇದ್ದದ್ದು ಬಲಗೈ ಮೇಲೆ. ನನ್ನ ಸಂಶಯ ನಿಜವಾಗಿತ್ತು, ಅದಕ್ಕೆ ಆಧಾರವಾಗಿದ್ದ ನೆನಪು ಮಾತ್ರ ಸುಳ್ಳು. ಅಷ್ಟರಲ್ಲಿ ಅವನ ಹೆಂಡತಿ ಒಳಗಿನಿಂದ ಬಂದಳು.

“ಬೆಳಿಗ್ಗೆ ಬಂದಿದ್ದೋರು ಯಾರಮ್ಮ?” ಎಂದು ಅವಳನ್ನು ಕೇಳಿದೆ.

“ನಮ್ ಮೈದ್ನ ಸಾ. ದೇವನೂರಲ್ಲವ್ನೆ. ಮಧ್ಯಾನದ ಬಸ್ಗೆ ಓದ.” ಅವಳ ಮುಖದಲ್ಲಿ ಅಳುಕಿನ ಸುಳಿವಿಲ್ಲ.

“ಮತ್ತೆ ಯಜಮಾನ್ರು ಅಂದ್ರಿ?”

“ಇನ್ನೇನ್ ಅನ್ಲಿ? ಕಾರ್ಡು ಮನೇದಲ್ವಾ ಸಾ? ಅತ್ತೆ ಮಾತ್ರೆ ನಾನ್ ತರ್ತೀನಿ. ನನ್ ಮಾತ್ರೆ ಮಗ್ಳು ತರ್ತಾಳೆ. ಯಾವತ್ತಾರ ಬ್ಯಾಡ ಅಂದಿದ್ದೀರಾ? ಚೀಟೀನೂ ಅಂಗೇ ಅನ್ಕಂಡೆ. ಮನೇಲಿ ಒಬ್ರು ಗಟ್ಟಿ ಇದ್ರೆ ಸಾಕು ಅಂತ.”

“ನಾನ್ ಬ್ಯಾಡ ಅಂದೆ ಸಾ” ಎಂದ ಗಂಡ.

“ಬ್ಯಾಡ ಅಂದ್ರಂತೆ. ತಮ್ಮಂಗೆ ಇಸ್ತ್ರಿ ಅಂಗಿ ತೆಗ್ದುಕೊಟ್ಟೋರ್ ಯಾರು?”

ಅವನು ಅವರೆಕಾಯಿಗೆ ತಲೆ ಬಗ್ಗಿಸಿದ. ಅವಳು ಟೀ ತಂದಿಟ್ಟಳು. ನಾನು ಲೋಟ ಮುಟ್ಟದೆ ಕೂತಿದ್ದನ್ನು ನೋಡಿ, “ಇಸ ಆಕಿಲ್ಲ ಕಣ್ ಸಾ, ಕುಡೀರಿ” ಎಂದಳು.

ಅವಳು ನಿಜಕ್ಕೂ ಹಾಗೆ ತಿಳಿದಿದ್ದಳೋ, ಸಿಕ್ಕಿಬಿದ್ದ ಮೇಲೆ ಮೇಡಂ ಮಾತನ್ನೇ ನಮಗೆ ತಿರುಗಿಸಿದಳೋ, ಇವತ್ತಿಗೂ ತೀರ್ಮಾನಿಸಲಾಗಿಲ್ಲ. ಕೆಲಸ ಯಾವುದು ಎಂದು ಕೇಳಿದೆ.

“ಪ್ರೆಸ್ಸು ಸಾ” ಎಂದ ಅವನು. “ಮ್ಯಾಲಿಂದ ಬಂದು ತಗಡು ಕಟ್ ಮಾಡ್ತದಲ್ಲ, ಅದು.”

ತಗಡಿನ ಜಾಗದಲ್ಲಿ ನನಗೆ ಅವನ ಕೈ ಕಂಡಿತು. ಅಲ್ಲಿ ಒಂದೇ ಒಂದು ಸಲ ಮೂರ್ಛೆ ಬಂದರೆ ಸಾಕು. ನನ್ನ ಮುಖ ನೋಡಿ ಅವಳ ದನಿ ತಗ್ಗಿತು.

“ಮೂರ್ಛೆ ಅಂತ ಬರುದ್ರೆ ಯಾರ್ ಸಾ ತಕ್ಕತಾರೆ? ಧನುರ್ಮಾಸದಲ್ಲಿ ಮದ್ವೆ ಇಲ್ಲ, ನಮ್ಗೆ ತೊಳಿಯಕ್ಕೆ ಪಾತ್ರೆ ಇಲ್ಲ. ಏನ್ ತಿನ್ನಣ?”

ಮಾರನೆಯ ದಿನ ಗಂಡನೇ ಬಂದ, ಅವಳೂ ಜೊತೆಗಿದ್ದಳು. ಮೇಡಂ ಅವನನ್ನು ಪರೀಕ್ಷಿಸಿ, ಮಾತ್ರೆ ಯಾವ ಹೊತ್ತಿಗೆ ತಪ್ಪುತ್ತದೆ ಎಂದು ಕೇಳಿ, ಅದಕ್ಕೊಂದು ದಾರಿ ಮಾಡಿಕೊಟ್ಟರು. ಯಂತ್ರ, ಬೆಂಕಿ, ಎತ್ತರದಿಂದ ದೂರವಿರುವ ಕೆಲಸಕ್ಕೆ ಯೋಗ್ಯ ಎಂದು ಚೀಟಿ ಬರೆದರು. ಆಮೇಲೆ, “ನಿಮಗೆ ಕೆಲಸ ಕೊಡ್ತಿರೋ ಕಂಟ್ರಾಕ್ಟರಿಗೆ ನಾನು ಮಾತಾಡ್ಲಾ? ಕಾಯಿಲೆ ಏನಂತ ಹೇಳ್ಬೇಕಾಗತ್ತೆ” ಎಂದರು. ಇಬ್ಬರೂ ಹೂಂ ಎಂದು ತಲೆಯಾಡಿಸಿದರು. ಆ ಕೋಣೆಯಲ್ಲಿ ಬೇಡ ಎನ್ನುವ ಧೈರ್ಯ ಅವರಿಗಿತ್ತೇ ಎಂಬುದು ನನ್ನ ಅನುಮಾನ.

ಕಂಟ್ರಾಕ್ಟರನ ತಾಯಿಯ ಸಕ್ಕರೆ ಕಾಯಿಲೆಗೆ ಮದ್ದು ಕೊಡುತ್ತಿದ್ದದ್ದೂ ಇದೇ ಮೇಡಂ. ಫೋನಿನಲ್ಲಿ ಮೊದಲು ಕೇಳಿದ್ದು, “ಅಮ್ಮನ ಕಾಲು ಹೇಗಿದೆ?” ಎಂದು. ಆಮೇಲೆ ವಿಷಯ ಹೇಳಿ, “ಪ್ಯಾಕಿಂಗಿಗೆ ಹಾಕ್ಕೊಳಿ. ಪ್ರೆಸ್ ಹತ್ರ ಬಿಟ್ಟಿದ್ದು ಗೊತ್ತಾದ್ರೆ ನಾನೇ ಬಂದು ಎಬ್ಬಿಸ್ಕೊಂಡು ಹೋಗ್ತೀನಿ” ಎಂದರು.

ಗಂಡ ಹೆಂಡತಿ ಹೋದ ಮೇಲೆ ನಾನು ಕೇಳಿದೆ. “ಇದು ವೈದ್ಯವೋ ವಶೀಲಿಯೋ, ಮೇಡಂ?”

“ಆ ಕೈ ಉಳಿದ್ರೆ ವೈದ್ಯ. ಇಲ್ದಿದ್ರೆ ವಶೀಲಿ” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಕಾರ್ಡಿಗೆ ಎಲ್ಲರ ಫೋಟೋ ಅಂಟಿಸೋಣ ಎಂದೆ. “ಮೊದಲು ಮುಖ ನೋಡೋದು ಕಲೀರಿ” ಎಂದು ಮುಂದಿನ ರೋಗಿಯನ್ನು ಕರೆದರು.

ನಂಜನಗೂಡಿನ ಸರದಿ ಮುಗಿದು ನನ್ನನ್ನು ತಿ. ನರಸೀಪುರದ ಆಸ್ಪತ್ರೆಗೆ ಹಾಕಿದರು. ಅಲ್ಲಿ ಬೆರಳು ಜಜ್ಜಿಕೊಂಡು ಯಾರೇ ಬಂದರೂ ನಾನು ಗಾಯ ಬಿಟ್ಟು ಮೊದಲು ಮುಖ ನೋಡುತ್ತಿದ್ದೆ. ಆರ್ಡರು ಜಾಸ್ತಿ ಬಂದ ದಿನ, ಪ್ರೆಸ್ಸಿನ ಆಳು ರಜೆ ಹಾಕಿದ ದಿನ, ಕಂಟ್ರಾಕ್ಟರನಿಗೆ ತಾಯಿಯ ಕಾಲು ನೆನಪಿರುತ್ತದೆಯೇ? ಮೇಡಂಗೆ ಫೋನು ಮಾಡಿದರೆ “ಅವನು ಚೆನ್ನಾಗಿದ್ದಾನೆ” ಎನ್ನುತ್ತಿದ್ದರು. ಆ ಮಾತನ್ನೂ ನಾನು ಪೂರ್ತಿ ನಂಬಲಿಲ್ಲ.

ಒಂದು ರಜೆಯ ದಿನ ಬಸ್ಸು ಹತ್ತಿ ನಂಜನಗೂಡಿಗೆ ಬಂದು, ಆಟೋ ಹಿಡಿದು ತಾಂಡ್ಯಕ್ಕೆ ಹೋದೆ. ಕಂಟ್ರಾಕ್ಟರನಿಗೆ ನಾನು ಬಂದದ್ದು ಹಿಡಿಸಲಿಲ್ಲ. “ಮೇಡಮ್ಮೋರು ಕಳ್ಸುದ್ರಾ?” ಎಂದ. ಇಲ್ಲ ಎಂದೆ. ಅದನ್ನು ಅವನು ನಂಬಲಿಲ್ಲ, ಆದರೂ ಒಳಗೆ ಬಿಟ್ಟ. ಅವಳ ಗಂಡ, ಬಲ ಮುಂಗೈ ಮೇಲೆ ಅದೇ ಕಲೆಯವನು, ರಟ್ಟಿನ ಡಬ್ಬಗಳಿಗೆ ಟೇಪು ಹಚ್ಚುತ್ತಿದ್ದ. ನನ್ನನ್ನು ನೋಡಿ ತಲೆಯಾಡಿಸಿದ, ಗುರುತು ಹಿಡಿದೋ ಸುಮ್ಮನೆಯೋ ಗೊತ್ತಾಗಲಿಲ್ಲ. ಪ್ರೆಸ್ಸು ಇದ್ದದ್ದು ರಸ್ತೆಯ ಆಚೆಗಿನ ಬೇರೆ ಕಟ್ಟಡದಲ್ಲಿ. ಅವನು ಕೆಲಸ ಮಾಡುವ ಶೆಡ್ಡಿನಲ್ಲಿ ಒಂದೂ ಯಂತ್ರವಿಲ್ಲ. ನಾಲ್ಕೂ ಮೂಲೆಗೆ ನಡೆದು ನೋಡಿದ್ದೇನೆ.