ಸಣ್ಣ ಕಥಿ ಹೇಳ್ಲೇನು, ಅಳೂ ಕಥಿ ಹೇಳ್ಲೇನು?

ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ದೇವದುರ್ಗದ ಮಕ್ಕಳ ವಸತಿನಿಲಯದಲ್ಲಿ ನಾನು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲೇ ಎದುರು ಕುಳಿತ ಒಂಬತ್ತು ವರ್ಷದ ರೇಣುಕಾ ಕೇಳಿದಳು: "ಅಕ್ಕಾರ, ಸಣ್ಣ ಕಥಿ ಹೇಳ್ಲೇನು, ಅಳೂ ಕಥಿ ಹೇಳ್ಲೇನು? ಅಳೂದಕ್ಕ ಪೇಡೆ ಕೊಡ್ತಾರ."

ಮೆಣಸಿನಕಾಯಿ ಬಿಡಿಸಲು ಹೊರಟ ಕೂಲಿಯವರ ಟಂಟಂ ಆಟೊ ಮಗುಚಿ ಅವಳ ತಾಯಿ ತೀರಿಕೊಂಡಿದ್ದರು. ಅವಳೂ ಅದೇ ಗಾಡಿಯಲ್ಲಿದ್ದಳು. ರಾಯಚೂರಿನಲ್ಲಿ ಸಮಾಜಕಾರ್ಯ ಓದುವ ನಾನು, ‘ಮನಸ್ಸು ಬಿಚ್ಚಿ ಮಾತಾಡು’ ಎನ್ನಲು ಹೋಗಿದ್ದೆ.

"ನನಗಿಂತ ಮೊದ್ಲು ಎಷ್ಟ್ ಮಂದಿ ಕೇಳ್ಯಾರ?" ಎಂದೆ. ಎಲ್ಲವನ್ನೂ ಎಣಿಸಿ ಡೈರಿಯಲ್ಲಿ ಬರೆಯುವುದು ನನ್ನ ಚಟ. ತನ್ನ ಹತ್ತೂ ಬೆರಳು ಮುಗಿದ ಮೇಲೆ ಅವಳು ನನ್ನ ಕೈ ಎಳೆದುಕೊಂಡು ಎಣಿಕೆ ಮುಂದುವರಿಸಿದಳು. ಸಾಹೇಬರು, ಅವರ ಮೇಡಂ, ಹುಟ್ಟುಹಬ್ಬಕ್ಕೆ ಬಾಳೆಹಣ್ಣು ಹಂಚಲು ಬಂದವರು, ಫೋಟೊ ಸರಿಬರಲಿಲ್ಲವೆಂದು ಎರಡು ಸಲ ಹೇಳಿಸಿದವರು. ಕಥೆ ಹೇಳಿದ ದಿನವೆಲ್ಲ ರಾತ್ರಿ ಆ ಗಾಡಿ ಕನಸಿನಲ್ಲಿ ಮತ್ತೆ ಮಗುಚುತ್ತದಂತೆ.

ಪೆನ್ನಿಗೆ ಮುಚ್ಚಳ ಹಾಕಿದೆ. "ಯಾವ ಕಥಿನೂ ಬ್ಯಾಡವ್ವಾ."

"ಪೇಡೆ?"

"ತಂದಿಲ್ಲ."

"ಕಥಿನೂ ಬ್ಯಾಡ, ಪೇಡೇನೂ ಇಲ್ಲ. ಮತ್ತ್ಯಾಕ ಬಂದೀರಿ?" ಎಂದು ಬಿದ್ದು ಬಿದ್ದು ನಕ್ಕವಳು ನನ್ನನ್ನು ಕುಂಟೆಬಿಲ್ಲೆಗೆ ಅಂಗಳಕ್ಕೆ ಎಳೆದೊಯ್ದಳು.

ಅಂದಿನ ಡೈರಿಯಲ್ಲಿರುವುದು ಇಷ್ಟೇ: ಕುಂಟೆಬಿಲ್ಲೆಯಲ್ಲಿ ನಾಲ್ಕು ಸಲ ಸೋತೆ, ಅದರಲ್ಲಿ ಎರಡು ಅವಳ ಮೋಸ. ಮಗು ಒಮ್ಮೆ ಹೇಳಿದರೆ ಸಾಕಾಗುವಂತೆ, ಬಾಳೆಹಣ್ಣಿನವರನ್ನೂ ನನ್ನಂಥವರನ್ನೂ ಗೇಟಿನಲ್ಲೇ ನಿಲ್ಲಿಸುವ ಉಪಾಯ ದೇವದುರ್ಗ, ಮಾನ್ವಿ, ರಾಯಚೂರಿನ ಕಡೆ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಸಣ್ಣದಾಗಿದ್ದರೂ ಸಾಕು.