ಕಲ್ಲಮ್ಮನ ಸೆರಗಿನ ಬೀಗದ ಕೈ

ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯಲ್ಲಿ ತಪ್ಪು ನನ್ನದು. ಆಮೇಲೆ ಯಾರೂ ಬಂದು, "ಸುಗುಣಾಕರಣ್ಣ, ನಿಮ್ಮ ಪಾಲಿಂದು ಮುಚ್ಚಿಟ್ಕಂಡ್ರಲ್ಲಾ" ಎನ್ನಬಾರದು. ಬೀರೂರು ಜಂಕ್ಷನ್ನಿನಲ್ಲಿ ಮೂವತ್ತನಾಲ್ಕು ವರ್ಷ ಪಾಯಿಂಟ್ಸ್‌ಮನ್ ಆಗಿ ದುಡಿದವನು ನಾನು. ಅದಕ್ಕಿಂತ ಹೆಚ್ಚು ವರ್ಷದಿಂದ ನಮ್ಮೂರಿನ ಸಿ.ಎಸ್.ಐ. ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದೇನೆ. ಯಾವ ರೈಲು ಯಾವ ಹಳಿಗೆ, ಯಾವ ಕೀರ್ತನೆ ಯಾವ ರಾಗಕ್ಕೆ, ಎರಡೂ ನನ್ನನ್ನು ಕೇಳಿಯೇ ನಡೆಯಬೇಕು ಎಂಬ ಜಂಬ ನನಗಿತ್ತು. ಅದನ್ನು ಇಳಿಸಿದವಳು ಅಜ್ಜಂಪುರದ ಕಲ್ಲಮ್ಮ. ಹೇಗೆ ಇಳಿಸಿದಳು ಎಂದು ಹೇಳದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ.

ಕಲ್ಲಮ್ಮನಿಗೆ ಈಗ ನಲವತ್ತೆಂಟು. ಅಜ್ಜಂಪುರದ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡಿಗೆಯವಳು. ನೂರ ಎಂಬತ್ತು ಮಕ್ಕಳಿಗೆ ದಿನಾ ಅನ್ನ, ಸಾಂಬಾರು ಬೇಯಿಸಿ, ಸಾಲಾಗಿ ಕೂರಿಸಿ, ಬಡಿಸಿ, ಪಾತ್ರೆ ತೊಳೆದು ಮನೆಗೆ ಹೋಗುತ್ತಾಳೆ. ಗಂಡ ಲಕ್ಕಣ್ಣ ಗಾರೆ ಕೆಲಸದವನು. ಅವನಿಗೆ ಮಾತು ಕಡಿಮೆ, ಅವನ ಪಾಲಿನ ಮಾತನ್ನೂ ಇವಳೇ ಆಡಿಬಿಡುತ್ತಾಳೆ. ದೀಕ್ಷಾಸ್ನಾನ ಕೊಡುವಾಗ ಹಿಂದಿನ ಅಯ್ಯನವರು, ಅಂದರೆ ಆಗಿನ ಪಾದ್ರಿಗಳು, "ಒಂದು ಹೊಸ ಹೆಸರು ಇಟ್ಕೊಳ್ಳಮ್ಮ" ಎಂದರಂತೆ. ಇವಳು, "ಹುಟ್ಟಿದಾಗ್ಲಿಂದ ದೇವ್ರು ನನ್ನ ಕಲ್ಲಮ್ಮ ಅಂತ್ಲೇ ನೋಡ್ಕಂಡವ್ನೆ. ಈಗ ಹೆಸ್ರು ಬದಲಾಯ್ಸಿ ಅವ್ನಿಗ್ಯಾಕೆ ಗೊಂದ್ಲ ಮಾಡ್ಬೇಕು ಅಯ್ಯಾ?" ಎಂದಳಂತೆ. ಅಯ್ಯನವರು ನಗುತ್ತಾ ಅದೇ ಹೆಸರಿನಲ್ಲೇ ನೀರು ಹಾಕಿದರು.

ಅಜ್ಜಂಪುರದ ಚರ್ಚು ಎಂದರೆ ಹೆಂಚಿನ ಒಂದೇ ಕೋಣೆ. ಗೋಡೆ ಎಬ್ಬಿಸಿದವನು ಲಕ್ಕಣ್ಣನ ಅಪ್ಪ. ಭಾನುವಾರ ಸೇರುವವರು ಎಣಿಸಿ ಹತ್ತೊಂಬತ್ತು ಜನ. ಈಗಿನ ಅಯ್ಯನವರು ಒಬ್ಬರೇ ಬೀರೂರು, ತರೀಕೆರೆ, ಅಜ್ಜಂಪುರ ಮೂರೂ ಸಭೆ ನೋಡಿಕೊಳ್ಳಬೇಕಾದ್ದರಿಂದ ಅಜ್ಜಂಪುರಕ್ಕೆ ಹೋಗುವುದು ತಿಂಗಳಿಗೆ ಒಂದೇ ಸಲ. ಉಳಿದ ಭಾನುವಾರಗಳಲ್ಲಿ ಕಲ್ಲಮ್ಮ ಬಾಗಿಲು ತೆಗೆದು ಕಸ ಗುಡಿಸುತ್ತಾಳೆ. ಯಾರೋ ಒಬ್ಬರು ಸತ್ಯವೇದ ಓದುತ್ತಾರೆ, ಎಲ್ಲರೂ ಹಾಡುತ್ತಾರೆ, ಮನೆಗೆ ಹೋಗುತ್ತಾರೆ. ಚರ್ಚಿನ ಬೀಗದ ಕೈ ಮಾತ್ರ ಸದಾ ಅವಳ ಸೆರಗಿನ ತುದಿಯಲ್ಲಿ. ಬೆರಳುದ್ದದ, ತೂಕದ ಹಳೇ ಕಬ್ಬಿಣದ ಕೈ ಅದು.

ಹೋದ ವರ್ಷ ಜೂನ್ ತಿಂಗಳಲ್ಲಿ ನಮ್ಮ ಕಮಿಟಿ ಕೂತಿತ್ತು. ನಾನೇ ಬಾಯಿ ಬಿಟ್ಟೆ: "ಹತ್ತೊಂಬತ್ತು ಜನಕ್ಕೆ ಒಂದು ಚರ್ಚ್ ಯಾಕ್ರೀ? ಬೀಗ ಹಾಕಿ. ಬೆಳಿಗ್ಗೆ ಪ್ಯಾಸೆಂಜರ್ ಐತಲ್ಲ, ಹತ್ಕೊಂಡು ಬೀರೂರಿಗೆ ಬರ್ಲಿ." ಮೂವತ್ತು ನಿಮಿಷದ ದಾರಿ, ಏನು ಮಹಾ, ಎಂದು ಎಲ್ಲರೂ ತಲೆಯಾಡಿಸಿದರು. ಅಯ್ಯನವರು ಮಾತ್ರ ಒಪ್ಪಲಿಲ್ಲ. ವಯಸ್ಸಿನಲ್ಲಿ ನನ್ನ ಮಗನಷ್ಟು, ಹಟದಲ್ಲಿ ನಮ್ಮಪ್ಪನಷ್ಟು. ಕೊನೆಗೆ ಒಂದು ತೀರ್ಮಾನವಾಯಿತು. ಅಜ್ಜಂಪುರದಿಂದ ಒಬ್ಬರು ಸಭಾನಾಯಕರ ತರಬೇತಿಗೆ ಬರಲಿ. ನವೆಂಬರಿನಲ್ಲಿ ಬೀರೂರಲ್ಲಿ ಮೂರೂ ಸಭೆ ಸೇರುವ ಕೂಡು ಆರಾಧನೆಯನ್ನು ಅವರೇ ಮುಂದೆ ನಿಂತು ನಡೆಸಲಿ. ಗೆದ್ದರೆ ಚರ್ಚು ಉಳಿಯುತ್ತದೆ. ಸೋತರೆ ಅದೇ ದಿನ ಬೀಗದ ಕೈ ಬೀರೂರಿಗೆ ಒಪ್ಪಿಸಬೇಕು, ಜನವರಿಯಿಂದ ಬಾಗಿಲು ಬಂದ್. ಗೆಲುವು ಸೋಲು ಬರೆಯುವವರು ಇಬ್ಬರು, ಅಯ್ಯನವರು ಮತ್ತು ನಾನು.

ಬಂದವಳು ಕಲ್ಲಮ್ಮ. ಬೇರೆ ಯಾರೂ ಮುಂದೆ ಬರಲೇ ಇಲ್ಲ.

ತರಬೇತಿ ಕಡೂರಿನಲ್ಲಿ, ಆರು ಶನಿವಾರ. ಕಲಿಸುವವರು ಅಯ್ಯನವರು ಮತ್ತು ನಾನು. ಕಲ್ಲಮ್ಮ ಶಾಲೆಯ ಪಾತ್ರೆ ತೊಳೆದು, ಬಸ್ಸು ಹತ್ತಿ, ಏದುಸಿರು ಬಿಡುತ್ತಾ ಬಂದು ಕೂರುತ್ತಿದ್ದಳು. ಅವಳು ಬಂದರೆ ಸಾಕು, ಇಡೀ ಕೋಣೆಗೆ ಒಗ್ಗರಣೆ ವಾಸನೆ! ಮೂರನೇ ಶನಿವಾರ ಒಂದು ಪರೀಕ್ಷೆ ಕೊಟ್ಟೆವು. "ನಾಯಕತ್ವ ಎಂದರೇನು?" ತರೀಕೆರೆಯಿಂದ ಬಂದವರು ಪುಟಗಟ್ಟಲೆ ಬರೆದರು. ಕಲ್ಲಮ್ಮ ಬರೆದದ್ದು ಒಂದೇ ಸಾಲು: "ಬಡಿಸೋಕೆ ಮುಂಚೆ ಉಪ್ಪು ನೋಡುವುದು." ನಾನು ಹತ್ತಕ್ಕೆ ಎರಡು ಕೊಟ್ಟೆ.

"ಎರಡಾದ್ರೂ ಯಾಕೆ ಕೊಟ್ರಿ ಅಣ್ಣಾ?" ಎಂದು ಕೇಳಿದಳು.

"ಅಕ್ಷರ ಗುಂಡಗವೆ, ಅದಕ್ಕೆ."

"ಹಂಗಾದ್ರೆ ಇನ್ನೂ ಗುಂಡಗೆ ಬರೀತೀನಿ ಬಿಡಿ," ಎಂದು ನಕ್ಕಳು. ನಾನು ನಗಲಿಲ್ಲ. ಈಗ ನೆನೆಸಿಕೊಂಡು ಒಬ್ಬನೇ ನಗುತ್ತೇನೆ.

ನವೆಂಬರಿನ ಆ ಭಾನುವಾರ ಬಂತು ನೋಡಿ! ನಮ್ಮ ಚರ್ಚಿನ ಮುಂದೆ ಗಂಟೆಯ ಬದಲು ರೈಲು ಹಳಿಯ ಒಂದು ತುಂಡು ತೂಗುಹಾಕಿದ್ದೇವೆ. ಅದನ್ನು ಬಡಿದರೆ ಸ್ಟೇಷನ್ನಿನವರೆಗೂ ಕೇಳುತ್ತದೆ. ತರೀಕೆರೆಯವರು ಎರಡು ಮಿನಿಬಸ್ಸಿನಲ್ಲಿ ಢೋಲಕ್ ಬಡಿಯುತ್ತಲೇ ಇಳಿದರು. ಕಡೂರಿನವರು ಮೊದಲಿನಿಂದಲೂ ನಮ್ಮ ಸಭೆಯವರೇ, ಅವರೂ ಮನೆಮಂದಿಯೆಲ್ಲ ಬಂದರು. ಅಜ್ಜಂಪುರದ ಹತ್ತೊಂಬತ್ತು ಜನವೂ ಪ್ಯಾಸೆಂಜರಿನಲ್ಲಿ ಬಂದರು, ಒಬ್ಬರೂ ತಪ್ಪಿಸಲಿಲ್ಲ. ಮುನ್ನೂರು ಜನಕ್ಕೆ ನಮ್ಮ ಚರ್ಚು ಸಾಲದೆ ಕಿಟಕಿಯಲ್ಲೂ ಮಕ್ಕಳು ಕೂತರು. ಕಲ್ಲಮ್ಮ ನೀಲಿ ಸೀರೆಯುಟ್ಟು ಮುಂದೆ ಬಂದು ನಿಂತಳು. ಸೆರಗಿನ ಗಂಟನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ನೂರ ಹದಿನಾಲ್ಕನೇ ಕೀರ್ತನೆ. 'ಬಂದೆವಯ್ಯಾ ನಿನ್ನ ಬಾಗಿಲಿಗೆ.' ಎಲ್ಲಾ ಎದ್ದು ನಿಂತ್ಕಳಿ," ಎಂದಳು.

ಇಲ್ಲೇ ಎಡವಟ್ಟಾದದ್ದು. ಮೂರು ಸಭೆಯವರ ಕೈಯಲ್ಲೂ ಇರುವುದು ಒಂದೇ ಪುಸ್ತಕ. ನಂಬರೂ ಒಂದೇ. ಹಾಡಿನ ಮಾತೂ ಒಂದೇ. ಆದರೆ ಪುಸ್ತಕದಲ್ಲಿ ರಾಗ ಬರೆದಿರುವುದಿಲ್ಲವಲ್ಲ! ಇಷ್ಟು ವರ್ಷ ಮೂರೂ ಕಡೆ ಅವರವರ ಪಾಡಿಗೆ ಅವರವರು ಹಾಡಿಕೊಂಡು ಬಂದಿದ್ದರು. ಬೇರೆಯವರ ರಾಗ ಬೇರೆ ಇರಬಹುದೆಂದು ಆರು ಶನಿವಾರದ ತರಬೇತಿಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮೂರೂ ಕಡೆ ಕೇಳುವ ಅಯ್ಯನವರಿಗೋ, ರಾಗ ಗುರುತಿಸುವ ಕಿವಿಯೇ ಇಲ್ಲ. ಸಂಗೀತ ನನ್ನ ಹೊಣೆ, ನನಗಂತೂ ಹೊಳೆಯಲೇಬೇಕಿತ್ತು. ಹೊಳೆಯಲಿಲ್ಲ.

ನಾನು ಬೀರೂರಿನ ರಾಗ ಎತ್ತಿದೆ, ನಿಧಾನದ್ದು, ಗಂಭೀರವಾದದ್ದು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಎಡಗಡೆಯಿಂದ ತರೀಕೆರೆಯವರು ಢೋಲಕ್ ಬಿಟ್ಟರು, ಓಡುವ ರಾಗ, ಚಪ್ಪಾಳೆ ಬೇರೆ. ಹಿಂದಿನ ಬೆಂಚಿನಿಂದ ಅಜ್ಜಂಪುರದವರು ಮೂರನೆಯದೊಂದನ್ನು ಎಳೆದರು. ಅಯ್ಯಯ್ಯೋ, ಸಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಸುಮ್ಮನಾಗಬೇಕಿತ್ತಲ್ಲ? ಇಲ್ಲ. ತಿದಿಯನ್ನು ಜೋರಾಗಿ ಒತ್ತಿದೆ. ನಾನು ಏರಿಸಿದಷ್ಟೂ ಅವರು ಏರಿಸಿದರು. ಹೆಂಗಸರು ಬಾಯಿಗೆ ಸೆರಗು ಮುಚ್ಚಿ ನಗುತ್ತಿದ್ದರು, ಮಕ್ಕಳು ಕಿಟಕಿಯಲ್ಲಿ ಕುಣಿಯುತ್ತಿದ್ದವು. ಕಲ್ಲಮ್ಮನ ಮುಖ ಬಿಳುಚಿಕೊಂಡಿತು. ಮುಗಿಯಿತು, ಮೊದಲ ಹಾಡಿಗೇ ಮುಗಿಯಿತು ಇವಳ ಪರೀಕ್ಷೆ ಎಂದುಕೊಂಡೆ. ಸುಳ್ಳೇಕೆ ಹೇಳಲಿ, ಒಳಗೊಳಗೇ ನನಗೆ ಸ್ವಲ್ಪ ಖುಷಿಯೂ ಆಯಿತು.

ಆಗ ಅವಳು ಒಂದು ಕೆಲಸ ಮಾಡಿದಳು. ಸೆರಗಿನ ಗಂಟಿನಿಂದ ಬೀಗದ ಕೈ ಬಿಚ್ಚಿ, ಮೇಜಿನ ಮೇಲಿದ್ದ ಹಿತ್ತಾಳೆಯ ಕಾಣಿಕೆ ತಟ್ಟೆ ಎತ್ತಿಕೊಂಡು ಬಡಿದಳು. ಠಣ್! ಠಣ್! ಠಣ್!

ಮೊದಲು ಕೂತವರು ಮಕ್ಕಳು. ಮೂರೂ ಊರಿನ ಮಕ್ಕಳು, ಕಿಟಕಿಯಲ್ಲಿದ್ದವರೂ ಸೇರಿ, ತಕ್ಷಣ ನೆಲಕ್ಕಿಳಿದು ಸಾಲಾಗಿ ಕೈಕಟ್ಟಿ ಕೂತುಬಿಟ್ಟರು. ತಟ್ಟೆ ಸದ್ದಿಗೆ ಏನು ಮಾಡಬೇಕೆಂದು ಶಾಲೆಯ ಊಟದ ಸಾಲಿನಲ್ಲಿ ದಿನಾ ಕಲಿತವರಲ್ಲವೇ! ಅವರನ್ನು ನೋಡಿ ದೊಡ್ಡವರ ಬಾಯಿಯೂ ನಿಂತಿತು. ಢೋಲಕ್ ನಿಂತಿತು. ಕಡೆಗೆ ನಿಂತದ್ದು ನನ್ನ ಹಾರ್ಮೋನಿಯಂ.

"ಎಲ್ಲರ್ಗೂ ಒಂದೇ ಸಲಕ್ಕೆ ಬಡ್ಸಿದ್ರೆ ಯಾರ ತಟ್ಟೆಗೂ ಬೀಳಲ್ಲ ಕಣ್ರೀ, ನೆಲಕ್ಕೆ ಬೀಳ್ತದೆ," ಎಂದಳು ಕಲ್ಲಮ್ಮ. "ಒಂದು ಸಾಲಿಗೆ ಬಡಿಸ್ವಾಗ ಮಿಕ್ಕೋರು ಸುಮ್ಕೆ ಕೂತು ನೋಡ್ಬೇಕು. ಮೊದ್ಲು ತರೀಕೆರೆ. ಅವ್ರು ಒಂದು ಚರಣ ಹಾಡ್ಲಿ, ಕೇಳ್ಸ್ಕಳಿ. ಆಮೇಲೆ ಅದೇ ರಾಗ್ದಾಗೆ ಎಲ್ಲಾರೂ."

ನನಗೆ ತಡೆಯಲಿಲ್ಲ. "ಏನಮ್ಮಾ ಇದು? ಚರ್ಚ್ ನಮ್ದು. ತರೀಕೆರೆ ಯಾಕೆ ಮೊದ್ಲು?" ಎಂದು ಕೂತಲ್ಲಿಂದಲೇ ಗುಡುಗಿದೆ.

"ಮನೆಯೋರು ಕಡೆಗೆ ಉಣ್ಣಾದಲ್ವಾ ಅಣ್ಣಾ?" ಎಂದಳು.

ಇಡೀ ಚರ್ಚು ಗೊಳ್ಳೆಂದು ನಕ್ಕಿತು. ಅಯ್ಯನವರು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು.

ತರೀಕೆರೆಯವರು ಒಂದು ಚರಣ ಹಾಡಿದರು. ಆಮೇಲೆ ಮುನ್ನೂರು ಜನ ಅದನ್ನೇ ಹಾಡಿದೆವು. ಏನು ಹೇಳಲಿ! ಚಪ್ಪಾಳೆಗೆ ಹೆಂಚು ಹಾರಿಹೋಗುತ್ತದೇನೋ ಅನ್ನಿಸಿತು. ನಮ್ಮ ಬೀರೂರಿನ ಗಂಭೀರ ಮುದುಕರೆಲ್ಲ ಕಾಲು ಕುಟ್ಟುತ್ತಿದ್ದರು. ಆಮೇಲೆ ನಮ್ಮ ಸರದಿ. ನಮ್ಮ ರಾಗವನ್ನು ತರೀಕೆರೆಯ ಹುಡುಗರು ಢೋಲಕ್ ಬದಿಗಿಟ್ಟು, ಕಣ್ಣುಮುಚ್ಚಿ, ಮೆಲ್ಲಗೆ ಹಾಡಿದಾಗ ನನ್ನ ಕಣ್ಣು ಮಂಜಾಯಿತು. ಇಷ್ಟು ವರ್ಷ ನಾನು ನುಡಿಸಿದ ರಾಗ ಇಷ್ಟು ಚೆನ್ನಾಗಿದೆಯೆಂದು ನನಗೇ ಗೊತ್ತಿರಲಿಲ್ಲ.

ಅಷ್ಟಾದ ಮೇಲೆ ಕಲ್ಲಮ್ಮ ಪುಸ್ತಕ ಮುಚ್ಚಿ, "ಈಗ ಪ್ರಾರ್ಥನೆ ಮಾಡಾನ," ಎಂದಳು.

ತರೀಕೆರೆಯ ಹುಚ್ಚಮ್ಮ ಎಂಬ ಹಣ್ಣುಹಣ್ಣು ಮುದುಕಿ ಕೋಲೂರಿ ಎದ್ದಳು. "ನಿಮ್ಮೂರಿಂದೆಲ್ಲೇ? ಬಡಿಸ್ದೋಳು ಉಣ್ದೆ ಎದ್ದೋಗ್ತೀಯಾ?"

"ನಮ್ದು ಇರ್ಲಿ ಬಿಡಜ್ಜಿ. ನಾವು ಹತ್ತೊಂಬತ್ತು ಜನ."

"ಹತ್ತೊಂಬತ್ತು ಹೊಟ್ಟೆ ಹೊಟ್ಟೆ ಅಲ್ವೇನೇ? ಹಾಡೇ!"

ಲಕ್ಕಣ್ಣ, ಆ ಮೂಕಬಸವ, ಹಿಂದಿನ ಬೆಂಚಿನಲ್ಲಿ ಎದ್ದು ನಿಂತು ಎಲ್ಲರಿಗಿಂತ ಮೊದಲು ಹಾಡು ಎತ್ತಿದ. ಕಲ್ಲಮ್ಮ ದಂಗಾಗಿ ಅವನನ್ನೇ ನೋಡಿದಳು, ಆಮೇಲೆ ದನಿಗೂಡಿಸಿದಳು. ಅದು ರಾಗಿ ಬೀಸುವ ಕಲ್ಲಿನ ಮುಂದೆ ಹುಟ್ಟಿದ ರಾಗ. ತಿರುಗಿ ತಿರುಗಿ ಬಂದಲ್ಲಿಗೇ ಬರುತ್ತದೆ, ಬಂದಾಗಲೆಲ್ಲ ಎದೆಗೆ ತಗಲುತ್ತದೆ. ನಾನು ಹಾರ್ಮೋನಿಯಂ ಮೇಲೆ ಹುಡುಕಿದೆ. ಬೆರಳಿಗೆ ಸಿಗಲೊಲ್ಲದು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಪೆಟ್ಟಿಗೆ ಮುಚ್ಚಿ, ಎದ್ದು ನಿಂತು, ಬರೀ ಬಾಯಲ್ಲಿ ಹಾಡಿದೆ. "ಬಂದೆವಯ್ಯಾ ನಿನ್ನ ಬಾಗಿಲಿಗೆ." ಆ ಬಾಗಿಲಿಗೆ ಬೀಗ ಹಾಕಿ ಎಂದ ಬಾಯಿ ಇದೇ ಅಲ್ಲವೇ ಎಂದು ನಾಚಿಕೆಯಾಯಿತು.

ಮಿಕ್ಕದ್ದೆಲ್ಲ ಸರಾಗವಾಗಿ ನಡೆಯಿತು. ಕಲ್ಲಮ್ಮ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಸತ್ಯವೇದ ಓದಿದಳು. ಕರ್ತನ ಭೋಜನಕ್ಕೆ ಮೂರೂ ಊರಿನವರು ಅಕ್ಕಪಕ್ಕ ಮೊಣಕಾಲೂರಿ ಒಂದೇ ಪಾತ್ರೆಯಿಂದ ಕುಡಿದರು. ಮುಗಿದ ಮೇಲೆ ಅಯ್ಯನವರು ಕಾಗದ ತಂದು ನನ್ನ ಮುಂದೆ ಹಿಡಿದರು. "ಅಂಕಲ್, ನಾನು ಬರೆದಾಯ್ತು. ನೀವು?" ನಾನೂ ಬರೆದೆ. ಗುಂಡಗಿನ ಅಕ್ಷರದಲ್ಲೇ ಬರೆದೆ.

ಕಾಗದ ಹಿಡಿದು, ಊಟ ನಡೆಯುತ್ತಿದ್ದ ಹಿತ್ತಲಿಗೆ ಹೋದರೆ ಕಲ್ಲಮ್ಮ ಆಗಲೇ ನಮ್ಮವರ ಕೈಯಿಂದ ಸೌಟು ಕಿತ್ತುಕೊಂಡು ಬಡಿಸುತ್ತಿದ್ದಳು. ನನ್ನನ್ನು ಕಂಡವಳೇ ಸೌಟು ಕೆಳಗಿಟ್ಟಳು. ನಗು ಮಾಯವಾಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ, ಮತ್ತೆ ಕಟ್ಟಿಕೊಂಡಿದ್ದ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಮೊದ್ಲ ಹಾಡೇ ಕೆಟ್ಟೋಯ್ತು, ಗೊತ್ತು ಅಣ್ಣಾ. ಮಾತು ಅಂದ್ಮೇಲೆ ಮಾತೇ. ತಗಳಿ," ಎಂದಳು. ಕಣ್ಣಲ್ಲಿ ನೀರು ತುಂಬಿತ್ತು, ದನಿ ಮಾತ್ರ ನೆಟ್ಟಗಿತ್ತು. "ಬೀಗ ವಸಿ ಬಿಗಿ. ಎಡಕ್ಕೆ ತಿರುಗ್ಸಿ, ಮೇಲಕ್ಕೆ ಎತ್ತಿ. ಬಲವಂತ ಮಾಡಿದ್ರೆ ಮುರ್ದೋಗ್ತದೆ."

ಮೂವತ್ತನಾಲ್ಕು ವರ್ಷ ಹಸಿರು ಬಾವುಟ, ಕೆಂಪು ಬಾವುಟ ಬೀಸಿದವನು ನಾನು, ಈಗ ಕಾಗದವನ್ನೇ ಬಾವುಟದಂತೆ ಎತ್ತಿ ಅವಳ ಮುಂದೆ ಹಿಡಿದೆ. ಅಯ್ಯನವರೂ ನಾನೂ ಬರೆದದ್ದು ಒಂದೇ ಮಾತು: ಗೆದ್ದಳು. ಅವಳು ಬೆರಳಿಟ್ಟುಕೊಂಡು ಓದಿದಳು. ಒಂದು ಸಲ, ಎರಡು ಸಲ. ಆಮೇಲೆ, "ಲಕ್ಕಣ್ಣಾ!" ಎಂದು ಕೂಗಿದಳು ನೋಡಿ, ಗಂಡನ ಹೆಸರು ಹಿಡಿದು, ಮುನ್ನೂರು ಜನರ ಮುಂದೆ! ಅಜ್ಜಂಪುರದ ಮಿಕ್ಕ ಹದಿನೆಂಟು ಜನವೂ ಎಲೆ ಬಿಟ್ಟು ಎದ್ದು ಬಂದರು. ಅಳುವವರು ಯಾರು, ನಗುವವರು ಯಾರು, ಒಂದೂ ತಿಳಿಯಲಿಲ್ಲ.

ಗಲಾಟೆಯಲ್ಲಿ ಬೀಗದ ಕೈ ನನ್ನ ಅಂಗೈಯಲ್ಲೇ ಉಳಿದಿತ್ತು. ಕೊಡಲು ಹೋದರೆ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಬರೋ ಭಾನ್ವಾರ ನೀವೇ ತಗಂಡ್ ಬನ್ನಿ ಅಣ್ಣಾ. ಮರೆತ್ರೆ ಹತ್ತೊಂಬತ್ತು ಜನ ಬೀದೀಲಿ ನಿಂತಿರ್ತೀವಿ."

ಮುಂದಿನ ಭಾನುವಾರ ಹಾರ್ಮೋನಿಯಂ ಮನೆಯಲ್ಲೇ ಬಿಟ್ಟು ಬೆಳಗಿನ ಪ್ಯಾಸೆಂಜರ್ ಹತ್ತಿದೆ. ದಾರಿಯುದ್ದಕ್ಕೂ ಹತ್ತು ಸಲ ಜೇಬು ಮುಟ್ಟಿ ನೋಡಿಕೊಂಡೆ. ಅಜ್ಜಂಪುರದಲ್ಲಿ ಅವರು ಆಗಲೇ ಚರ್ಚಿನ ಮುಂದೆ ಸಾಲಾಗಿ ನಿಂತಿದ್ದರು. ಕಲ್ಲಮ್ಮ ಪೊರಕೆ ಹಿಡಿದು ಕಾಯುತ್ತಿದ್ದಳು. ನಾನು ಬೀಗಕ್ಕೆ ಕೈ ಹಾಕಿ, ಎಡಕ್ಕೆ ತಿರುಗಿಸಿ, ಮೇಲಕ್ಕೆ ಎತ್ತಿದೆ. ಬಾಗಿಲು ತೆರೆಯಿತು.